ನಾಟಕ ಬೇಕು, ನಾಟಕಕಾರ ಬೇಡ

ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ ದೋಸೆಗೆ ಅರ್ಧ ಶತಮಾನದ ಇತಿಹಾಸವಿದೆ. ಇಲ್ಲಿನ ಹೈ ಸ್ಟ್ರೀಟಿನಲ್ಲಿ ಶ್ರೀಕೃಷ್ಣ ಎಂಬ ಕೇರಳದ ಹೋಟೆಲು ಬಾಗಿಲು ತೆರೆದದ್ದು 1973ರಲ್ಲಿ. ಆಮೇಲೆ ಅದರ ಆಚೀಚೆ ತಮಿಳರ ಹೋಟೆಲುಗಳು, ಶ್ರೀಲಂಕಾದ ಅಂಗಡಿಗಳು, ಚಿನ್ನದ ಮಳಿಗೆಗಳು, ಪಾಕಿಸ್ತಾನಿ ಕಬಾಬಿನ ಒಲೆಗಳು ಸಾಲುಗಟ್ಟಿದವು. ಕನ್ನಡದ ಮನೆಗಳು ಈ ಸಾಲಿನಲ್ಲಿ ಎದ್ದು ಕಾಣುವುದಿಲ್ಲ. ತಮಿಳು ಮಲಯಾಳಗಳ ನಡುವೆ ಚದುರಿಕೊಂಡಿವೆ. ಆದರೂ ರಾಜ್ಯೋತ್ಸವ ಹತ್ತಿರ ಬಂದಂತೆ, ಇಂಥ ಹೋಟೆಲಿನ ಮೇಜಿನ ಸುತ್ತ ಕುಳಿತ ನಾಲ್ಕಾರು ಕನ್ನಡಿಗರ ಮುಂದೆ ಒಂದು ಪ್ರಶ್ನೆ ಬರುವುದುಂಟು: ಈ ಸಲ ಯಾವ ನಾಟಕ?

ಗಿರೀಶ ಕಾರ್ನಾಡರ ಹೆಸರು ಬಾರದೆ ಈ ಮಾತು ಮುಗಿಯುವುದಿಲ್ಲ. ಹೆಸರು ಬಂದ ಕೂಡಲೇ ಎರಡನೆಯ ಮಾತೂ ಬರುತ್ತದೆ. ‘ಹಯವದನ’ ಆಗಬಹುದು, ಹಾಡು ಕುಣಿತ ಇದೆ. ‘ನಾಗಮಂಡಲ’ವೂ ಆಗಬಹುದು, ಜನಪದ ಕತೆ. ‘ತುಘಲಕ್’ ದೊಡ್ಡದಾಯಿತು. ‘ತಲೆದಂಡ’ ಬೇಡವೇ ಬೇಡ. ಮಕ್ಕಳು ಬರುತ್ತಾರೆ, ಹಿರಿಯರು ಬರುತ್ತಾರೆ, ಸುಮ್ಮನೆ ವಿವಾದವೇಕೆ? ಟಿಪ್ಪುವಿನ ನಾಟಕದ ಹೆಸರನ್ನು ಯಾರೂ ಎತ್ತುವುದೇ ಇಲ್ಲ. ಕೊನೆಗೆ ಯಾರಾದರೊಬ್ಬರು ಸಭ್ಯವಾಗಿ ತೀರ್ಪು ಕೊಡುತ್ತಾರೆ: “ಕಾರ್ನಾಡ್ ದೊಡ್ಡ ನಾಟಕಕಾರ, ಅದರಲ್ಲಿ ಎರಡು ಮಾತಿಲ್ಲ. ಅವರ ವೈಯಕ್ತಿಕ ನಂಬಿಕೆಗಳು ಮಾತ್ರ ನಮಗೆ ಬೇಡ.”

ಈ ತೀರ್ಪು ಉದಾರವಾಗಿ ಕೇಳಿಸುತ್ತದೆ. ನಿಜದಲ್ಲಿ ಅದು ಒಂದು ಸೆನ್ಸಾರ್ ಪಟ್ಟಿ. ಬ್ರಿಟನ್ನಿನಲ್ಲಿ ನಾಟಕದ ಹಸ್ತಪ್ರತಿಯನ್ನು ಲಾರ್ಡ್ ಚೇಂಬರ್ಲಿನ್ ಕಚೇರಿಗೆ ಒಪ್ಪಿಸಿ ಅನುಮತಿ ಪಡೆಯಬೇಕಾಗಿದ್ದ ಪದ್ಧತಿ 1968ರ ಕಾಯಿದೆಯೊಂದಿಗೆ ರದ್ದಾಯಿತು. ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ 1960ರಿಂದ 1963ರವರೆಗಿನ ವರ್ಷಗಳಲ್ಲಿ ಈ ದೇಶದ ರಂಗಭೂಮಿ ಆ ಕಚೇರಿಯ ಹದ್ದಿನ ಕಣ್ಣಿನ ಕೆಳಗೇ ಇತ್ತು. ಸರ್ಕಾರ ಬಿಟ್ಟುಕೊಟ್ಟ ಆ ಕೆಲಸವನ್ನು ವಲಸಿಗ ಸಮುದಾಯಗಳು ತಮ್ಮೊಳಗೆ ತಾವೇ ವಹಿಸಿಕೊಂಡಿವೆ. 2004ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ರಂಗಮಂದಿರದ ಮುಂದೆ ಸಿಖ್ ಪ್ರತಿಭಟನೆ ಹಿಂಸೆಗೆ ತಿರುಗಿ, ಗುರ್‌ಪ್ರೀತ್ ಕೌರ್ ಭಟ್ಟಿಯವರ ‘ಬೆಹ್ಝ್ತಿ’ ನಾಟಕ ನಿಂತುಹೋದದ್ದನ್ನು ಈ ದೇಶ ಕಂಡಿದೆ. ಕನ್ನಡಿಗರಿಗೆ ಗಾಜು ಒಡೆಯುವ ಅಗತ್ಯವೂ ಬೀಳುವುದಿಲ್ಲ. ಅವರು ಸಮಿತಿ ಸಭೆಯಲ್ಲಿಯೇ, ಕಾಫಿ ಆರುವ ಮೊದಲು, ನಾಟಕವನ್ನು ಕೈಬಿಡಬಲ್ಲರು.

ನಾಟಕವನ್ನು ಇಟ್ಟುಕೊಂಡು ನಾಟಕಕಾರನ ನಂಬಿಕೆಯನ್ನು ಹೊರಗೆ ಹಾಕಬಹುದೆಂಬ ಎಣಿಕೆ ಎಷ್ಟು ಪೊಳ್ಳು ಎಂಬುದನ್ನು ತೋರಿಸಲು ಕಾರ್ನಾಡರಷ್ಟು ಒಳ್ಳೆಯ ಉದಾಹರಣೆ ಕನ್ನಡದಲ್ಲಿ ಇನ್ನೊಂದಿಲ್ಲ. ಅವರನ್ನು ದೂರುವವರೂ ಹೊಗಳುವವರೂ ಒಂದೇ ತಪ್ಪನ್ನು ಮಾಡುತ್ತಾರೆ ಎಂಬುದೂ ಇದೇ ಉದಾಹರಣೆಯಿಂದ ತಿಳಿಯುತ್ತದೆ.

ಮೊದಲು ದೂರನ್ನು ಅದರ ಪೂರ್ಣ ಬಲದಲ್ಲಿ ಕೇಳಿಸಿಕೊಳ್ಳಬೇಕು. 2006ರಲ್ಲಿ ಅಂದಿನ ಸಚಿವ ಡಿ.ಎಚ್. ಶಂಕರಮೂರ್ತಿಯವರು ಟಿಪ್ಪು ಕನ್ನಡ ವಿರೋಧಿಯೆಂದು ಹೇಳಿದಾಗ ಕಾರ್ನಾಡರು ಅದನ್ನು ಖಂಡಿಸಿದರು. ಆಗ ಎಸ್.ಎಲ್. ಭೈರಪ್ಪನವರು ‘ವಿಜಯ ಕರ್ನಾಟಕ’ದಲ್ಲಿ ದೀರ್ಘ ಲೇಖನ ಬರೆದರು. ಸಿದ್ಧಾಂತಕ್ಕೆ ಕಟ್ಟುಬಿದ್ದ ಲೇಖಕ ಇತಿಹಾಸದ ಸತ್ಯಕ್ಕೆ ನಿಷ್ಠನಾಗಿ ಉಳಿಯಲಾರ, ಕಾರ್ನಾಡರ ತುಘಲಕ್ ಮತ್ತು ಟಿಪ್ಪು ಇದಕ್ಕೆ ನಿದರ್ಶನ ಎಂಬುದು ಅವರ ವಾದದ ತಿರುಳು. ವಾರಗಟ್ಟಲೆ ಪತ್ರಿಕೆಯಲ್ಲಿ ವಾಗ್ವಾದ ನಡೆಯಿತು. ಮರುವರ್ಷ ‘ಆವರಣ’ ಪ್ರಕಟವಾಯಿತು. ಟೂಟಿಂಗ್‌ನ ಮೇಜಿನ ಮೇಲಿನ ತೀರ್ಪು ಈ ವಾದದ ತೆಳುವಾದ, ದೂರದ ಪ್ರತಿಧ್ವನಿ. ಭೈರಪ್ಪನವರು ಕನಿಷ್ಠ ನಾಟಕಗಳ ಹೆಸರು ಹಿಡಿದು ವಾದಿಸಿದರು. ಪ್ರತಿಧ್ವನಿ ಅಷ್ಟನ್ನೂ ಮಾಡುವುದಿಲ್ಲ.

ಈ ಜಗಳಕ್ಕೆ ಒಂದು ಪೂರ್ವಕಥೆಯಿದೆ. ಭೈರಪ್ಪನವರ ‘ವಂಶವೃಕ್ಷ’ವನ್ನು ಬಿ.ವಿ. ಕಾರಂತರ ಜೊತೆಗೂಡಿ ಸಿನಿಮಾ ಮಾಡಿದವರು ಇದೇ ಕಾರ್ನಾಡರು. ‘ತಬ್ಬಲಿಯು ನೀನಾದೆ ಮಗನೆ’ಯನ್ನು ಮತ್ತೆ ಕಾರಂತರೊಡನೆ ತೆರೆಗೆ ತಂದವರೂ ಅವರೇ. ತನಗೆ ಒಪ್ಪದ ನಂಬಿಕೆಯ ಕಾದಂಬರಿಕಾರನಲ್ಲಿ ತನಗೆ ಬೇಕಾದ ಪ್ರಶ್ನೆಯನ್ನು ಕಂಡು, ಅದಕ್ಕೆ ವರ್ಷಗಳ ದುಡಿಮೆಯನ್ನು ಕೊಡಬಲ್ಲ ಮನುಷ್ಯನನ್ನು ಸಿದ್ಧಾಂತದ ಕೈಯಾಳು ಎಂದು ಕರೆಯುವುದು ಕಷ್ಟ. ಹಾಗೆ ಕರೆಯಬೇಕಾದರೆ ಅವರ ನಂಬಿಕೆ ಎಲ್ಲಿಂದ ಬಂತು, ನಾಟಕದೊಳಗೆ ಅದು ಏನು ಮಾಡಿತು ಎಂಬುದನ್ನು ನೋಡಿಯೇ ಕರೆಯಬೇಕು.

ಅದು ಪುಸ್ತಕದಿಂದ ಬರುವ ಮೊದಲು ಮನೆಯಿಂದ ಬಂತು. ಕಾರ್ನಾಡರ ತಾಯಿ ಕೃಷ್ಣಾಬಾಯಿ ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದವರು, ಒಂದು ಮಗುವಿನ ತಾಯಿ. ದಾದಿಯ ತರಬೇತಿ ಪಡೆದು ದುಡಿದ ಅವರು ಮುಂದೆ ಡಾಕ್ಟರ್ ರಘುನಾಥ ಕಾರ್ನಾಡರನ್ನು ಮರುಮದುವೆಯಾದರು. ಸಾರಸ್ವತ ಬ್ರಾಹ್ಮಣ ಸಮಾಜದಲ್ಲಿ ವಿಧವಾ ವಿವಾಹ ಎಷ್ಟು ಕಠಿಣವಾಗಿತ್ತೆಂದರೆ, ಆ ಮದುವೆ ನಡೆಯಲು ವರ್ಷಗಟ್ಟಲೆ ಕಾಯಬೇಕಾಯಿತು. ಇದನ್ನೆಲ್ಲ ‘ಆಡಾಡತ ಆಯುಷ್ಯ’ ಎಂಬ ಆತ್ಮಕಥೆಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸಂಪ್ರದಾಯದ ನಿಯಮವೊಂದು ಗೆದ್ದಿದ್ದರೆ ತಾನು ಹುಟ್ಟುತ್ತಲೇ ಇರಲಿಲ್ಲ ಎಂದು ತಿಳಿದು ಬೆಳೆದ ಮಗನಿಗೆ ಸಂಪ್ರದಾಯದ ವಿಮರ್ಶೆ ಕಾಲೇಜಿನಲ್ಲಿ ಕಲಿತ ಫ್ಯಾಶನ್ ಆಗಲು ಸಾಧ್ಯವಿಲ್ಲ.

1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೊರಟಾಗ ಅದೇ ಮನೆ ಇನ್ನೊಂದು ಮುಖ ತೋರಿಸಿತು. ಮಗ ತಿರುಗಿ ಬರುತ್ತಾನೋ ಇಲ್ಲವೋ, ಅಲ್ಲಿಯೇ ಯಾರನ್ನಾದರೂ ಮದುವೆಯಾದರೆ ಏನು ಗತಿ ಎಂಬ ಆತಂಕ ಮನೆತುಂಬ ಹರಡಿತು. ಈ ಆತಂಕ ಟೂಟಿಂಗ್‌ನ ಯಾವ ಮನೆಗೂ ಹೊಸತಲ್ಲ. ಇಂದು ಅದು ಮಗಳ ಮೊಬೈಲಿನ ಸುತ್ತ ಸುಳಿಯುತ್ತದೆ, ಅಷ್ಟೆ. ಆ ಒತ್ತಡದಲ್ಲಿ, ಇಂಗ್ಲಿಷ್ ಕವಿಯಾಗಬೇಕೆಂದುಕೊಂಡಿದ್ದ ಯುವಕ ತನಗೇ ಅಚ್ಚರಿಯಾಗುವಂತೆ ಕನ್ನಡದಲ್ಲಿ ನಾಟಕ ಬರೆದ. ಅದೇ ‘ಯಯಾತಿ’. ತಂದೆಯ ಮುಪ್ಪನ್ನು ಮಗ ಹೊತ್ತುಕೊಂಡದ್ದನ್ನು ಪುರಾಣ ತ್ಯಾಗವೆಂದು ಕೊಂಡಾಡಿತು. ನಾಟಕ ಪುರುವಿನ ಹೆಂಡತಿ ಚಿತ್ರಲೇಖೆಯನ್ನು ಸೃಷ್ಟಿಸಿ, ಆ ತ್ಯಾಗದ ಬೆಲೆ ತೆತ್ತವರು ಯಾರು ಎಂದು ಕೇಳಿತು. ಗಂಡನ ಹಠಾತ್ ಮುಪ್ಪನ್ನು ಅವಳು ಪುಣ್ಯವೆಂದು ಒಪ್ಪಲಿಲ್ಲ, ವಿಷ ಕುಡಿದಳು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಇದನ್ನು ಪ್ರಕಟಿಸಿದಾಗ ಕಾರ್ನಾಡರಿಗೆ ಯಾವ ಪಕ್ಷವೂ ಇರಲಿಲ್ಲ, ಕೊರಳಲ್ಲಿ ಯಾವ ಫಲಕವೂ ಇರಲಿಲ್ಲ. ನಂಬಿಕೆ ಮಾತ್ರ ಇತ್ತು.

ನಂಬಿಕೆ ಕೃತಿಯನ್ನು ಕೆಡಿಸುತ್ತದೆ ಎನ್ನುವವರು ‘ತುಘಲಕ್’ ಅನ್ನು ಪುಟ ತಿರುವಿ ಓದಬೇಕು. ಅದು ಪ್ರಕಟವಾದ 1964ರ ಮೇ ತಿಂಗಳಿನಲ್ಲಿ ನೆಹರೂ ತೀರಿಕೊಂಡರು. ವಿವೇಕದಿಂದ ರಾಜ್ಯ ಕಟ್ಟಬಹುದು, ಧರ್ಮವನ್ನು ಅಧಿಕಾರದಿಂದ ದೂರ ಇಡಬಹುದು, ಹಿಂದೂ ಮುಸ್ಲಿಮರಿಗೆ ಸಮಾನ ನ್ಯಾಯ ಕೊಡಬಹುದು ಎಂದು ನಂಬಿದ ತಲೆಮಾರಿನವರು ಕಾರ್ನಾಡರು. ನಾಟಕದ ಸುಲ್ತಾನನೂ ಇವನ್ನೇ ನಂಬುತ್ತಾನೆ. ನಾಟಕಕಾರ ಪ್ರಚಾರಕನಾಗಿದ್ದರೆ ಈ ಸುಲ್ತಾನ ಗೆಲ್ಲಬೇಕಾಗಿತ್ತು, ಇಲ್ಲವೇ ಮತಾಂಧರ ಕೈಯಲ್ಲಿ ಹುತಾತ್ಮನಾಗಬೇಕಾಗಿತ್ತು. ಆದದ್ದೇನು? ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುವ ಆದರ್ಶ ದಾರಿಯುದ್ದಕ್ಕೂ ಹೆಣಗಳನ್ನು ಚೆಲ್ಲುತ್ತದೆ. ತಾಮ್ರದ ನಾಣ್ಯದ ಜಾಣತನ ಖೋಟಾ ನಾಣ್ಯಗಳ ರಾಶಿಯಾಗಿ ಅರಮನೆಯ ಅಂಗಳಕ್ಕೆ ಮರಳುತ್ತದೆ. ಸುಲ್ತಾನನ ನ್ಯಾಯಪರತೆಯನ್ನು ಮೊದಲ ದೃಶ್ಯದಿಂದಲೂ ಲಾಭಕ್ಕೆ ಬಳಸಿಕೊಳ್ಳುವವನು ಬ್ರಾಹ್ಮಣನ ವೇಷ ಹಾಕಿದ ಅಜೀಜ್ ಎಂಬ ಅಗಸ. ಕೊನೆಯಲ್ಲಿ ಆ ಠಕ್ಕನಿಗೆ ಶಿಕ್ಷೆ ವಿಧಿಸುವ ನೈತಿಕ ಬಲವೂ ಸುಲ್ತಾನನಲ್ಲಿ ಉಳಿಯುವುದಿಲ್ಲ.

ತಾನು ನಂಬಿದ್ದನ್ನೇ ಕಟಕಟೆಯಲ್ಲಿ ನಿಲ್ಲಿಸಿ, ವಿರೋಧಿಯ ವಕೀಲನಿಗಿಂತ ನಿರ್ದಯವಾಗಿ ಪಾಟೀಸವಾಲು ಮಾಡಿದ ನಾಟಕ ಇದು. ಸೆಕ್ಯುಲರ್ ಆಳ್ವಿಕೆಯ ಆತ್ಮವಂಚನೆಯ ಬಗೆಗೆ ಬಲಪಂಥೀಯರು ಆಮೇಲೆ ಹೇಳಿದ ಹಲವು ಮಾತುಗಳನ್ನು ಇಪ್ಪತ್ತಾರು ವಯಸ್ಸಿನ ಸೆಕ್ಯುಲರ್ ನಾಟಕಕಾರ ಅವರಿಗಿಂತ ಮೊದಲೇ, ಅವರಿಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದ. ಆ ನಂಬಿಕೆಯಿಲ್ಲದವನು ‘ತುಘಲಕ್’ ಬರೆಯಲಾರ. ಏಕೆಂದರೆ ಅವನಿಗೆ ಆ ಸೋಲು ನೋಯುವುದೇ ಇಲ್ಲ.

ಇದೇ ಮಾತು ‘ತಲೆದಂಡ’ಕ್ಕೆ ಬಂದಾಗ ಟೂಟಿಂಗ್‌ಗೆ ಇನ್ನೂ ಹತ್ತಿರವಾಗುತ್ತದೆ. ಟೂಟಿಂಗ್ ಬ್ರಾಡ್‌ವೇಯಿಂದ ನಾರ್ದರ್ನ್ ಲೈನ್ ಹಿಡಿದು ಸ್ಟಾಕ್‌ವೆಲ್‌ನಲ್ಲಿ ರೈಲು ಬದಲಿಸಿದರೆ ಮುಂದಿನ ನಿಲ್ದಾಣವೇ ವಾಕ್ಸ್‌ಹಾಲ್. ಅಲ್ಲಿಂದ ಥೇಮ್ಸ್ ದಂಡೆಯಲ್ಲಿ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ ಬಸವಣ್ಣನವರ ಪ್ರತಿಮೆ ಇದೆ. ನದಿಯ ಆಚೆ ದಡದಲ್ಲಿ ಬ್ರಿಟನ್ನಿನ ಸಂಸತ್ತು. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಈ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕನ್ನಡಿಗರು ಇಲ್ಲಿಗೆ ಕರೆತರುತ್ತಾರೆ, ಕೈಮುಗಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು ಎಂದು ಮಕ್ಕಳಿಗೆ ಹೇಳುತ್ತಾರೆ.

ಆ ಶನಿವಾರದ ಸುತ್ತಲಿನ ದಿನಗಳನ್ನು ನೆನೆಯಬೇಕು. ಆಗಸ್ಟ್ 30ರಂದು ಧಾರವಾಡದಲ್ಲಿ ವಚನ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಿನಲ್ಲಿಯೇ ಗುಂಡಿಟ್ಟು ಕೊಂದು ಹನ್ನೊಂದು ವಾರಗಳಾಗಿದ್ದವು. ನವೆಂಬರ್ 10ರಂದು ಬೆಂಗಳೂರಿನಲ್ಲಿ ಟಿಪ್ಪು ಜಯಂತಿಯ ವೇದಿಕೆಯಲ್ಲಿ ಕಾರ್ನಾಡರು ಆಡಿದ ಮಾತಿಗೆ ಕೊಲೆ ಬೆದರಿಕೆಗಳು ಬಂದಿದ್ದವು. ಬಸವಣ್ಣನವರನ್ನು ಓದಿದವರಿಗೆ ಕರ್ನಾಟಕದಲ್ಲಿ ಗುಂಡು, ಬಸವಣ್ಣನವರ ಕಂಚಿಗೆ ಲಂಡನ್ನಿನಲ್ಲಿ ಹಾರ. ನಾಟಕಕಾರನನ್ನು ಬಿಟ್ಟು ನಾಟಕವನ್ನು ಇಟ್ಟುಕೊಳ್ಳುವ ಜಾಣ್ಮೆ ಬಸವಣ್ಣನವರ ವಿಷಯದಲ್ಲಿ ಮೊದಲೇ ನಡೆದುಹೋಗಿದೆ: ನಂಬಿಕೆಯನ್ನು ಬಿಟ್ಟು ಪ್ರತಿಮೆಯನ್ನು ಇಟ್ಟುಕೊಳ್ಳಲಾಗಿದೆ.

‘ತಲೆದಂಡ’ ಈ ಜಾಣ್ಮೆಗೆ ಅಡ್ಡಬರುತ್ತದೆ. ಮಂದಿರ ಮತ್ತು ಮಂಡಲದ ಪ್ರಶ್ನೆಗಳು ದೇಶವನ್ನು ಕಲಕುತ್ತಿದ್ದಾಗ ಬರೆದ, 1990ರಲ್ಲಿ ಪ್ರಕಟವಾದ ಈ ನಾಟಕದಲ್ಲಿ ಕಾರ್ನಾಡರ ನಂಬಿಕೆ ನಿಸ್ಸಂಶಯವಾಗಿ ಶರಣರ ಕಡೆಗಿದೆ. ಆದರೆ ಶರಣರಿಗೆ ಅವರು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಜೈನ ಬಸದಿಗೆ ಮುತ್ತಿಗೆ ಹಾಕುವ ಯುವಕರು ಶರಣರ ಪಾಳೆಯದವರೇ. ಬಿಜ್ಜಳನನ್ನು ಕೊಲ್ಲುವ ಜಗದೇವನೂ ಅವರ ನಡುವಿನವನೇ. ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮಧುವರಸನ ಮಗಳು ಕಲಾವತಿಗೂ ಮದುವೆಯೆಂಬ ಸುದ್ದಿ ಬಂದಾಗ ಬಸವಣ್ಣ ಹಿಗ್ಗುವುದಿಲ್ಲ, ಅಂಜುತ್ತಾನೆ. ಸಮಾನತೆಯ ಮಾತು ಆಡಿದ್ದಾಯಿತು, ಅದರ ರಕ್ತದ ಲೆಕ್ಕ ಚುಕ್ತಾ ಮಾಡಲು ಸಮಾಜ ಸಿದ್ಧವಿದೆಯೇ ಎಂಬ ಅಳುಕು ಅವನದು. ಎದುರು ಪಾಳೆಯದ ದೊರೆ ಬಿಜ್ಜಳನ ಬಾಯಲ್ಲಿ, ಕ್ಷತ್ರಿಯತ್ವವನ್ನು ದಾನದಕ್ಷಿಣೆ ಕೊಟ್ಟು ಕೊಂಡ ಕ್ಷೌರಿಕ ಮನೆತನದ ಅವಮಾನವನ್ನು ನಾಟಕಕಾರ ಇಡುತ್ತಾರೆ. ಅದರಿಂದಾಗಿ ಪ್ರೇಕ್ಷಕರ ಮರುಕ ಅವನ ಕಡೆಗೂ ಹರಿಯುತ್ತದೆ. ಚಳವಳಿಯನ್ನು ಪ್ರೀತಿಸಿದವನೇ ಚಳವಳಿ ಎಲ್ಲಿ ಮುರಿಯಿತೆಂದು ಬೆರಳಿಟ್ಟು ತೋರಿಸಿದ ಕೃತಿ ಇದು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಪಠ್ಯವಾಗಿದ್ದಾಗ ಎದ್ದ ಪ್ರತಿಭಟನೆಯನ್ನು ನೆನೆದರೆ, ಕಲ್ಯಾಣದ ಕಥೆಯನ್ನು ಭಕ್ತಿಯಿಂದಲ್ಲದೆ ಪ್ರಶ್ನೆಯಿಂದ ಮುಟ್ಟುವುದು ಎಷ್ಟು ಅಪಾಯವೆಂದು ತಿಳಿದೀತು.

ಟೂಟಿಂಗ್‌ನ ಮೇಜು ‘ತಲೆದಂಡ’ವನ್ನು ಬೇಡವೆನ್ನುವುದು ಅದು ಹಳೆಯ ಕಥೆ ಎಂಬ ಕಾರಣಕ್ಕಲ್ಲ, ಹಳೆಯದಾಗಿಲ್ಲ ಎಂಬ ಕಾರಣಕ್ಕೆ. ಜಾತಿ ತಾರತಮ್ಯವನ್ನು ಕಾನೂನಿನಡಿ ತರುವ ಅವಕಾಶವನ್ನು ಬ್ರಿಟನ್ನಿನ 2010ರ ಸಮಾನತಾ ಕಾಯಿದೆ ಇಟ್ಟುಕೊಂಡಿತ್ತು. 2013ರಲ್ಲಿ ಸಂಸತ್ತು ಅದನ್ನು ಸರ್ಕಾರದ ಕರ್ತವ್ಯವಾಗಿಯೇ ಮಾಡಿತು. ದಲಿತ ಸಂಘಟನೆಗಳು ಅದಕ್ಕಾಗಿ ದುಡಿದವು. ಹಲವು ಹಿಂದೂ ಸಂಘಟನೆಗಳು ಅದರ ವಿರುದ್ಧ ದುಡಿದವು. ಇಲ್ಲಿ ಜಾತಿಯೇ ಇಲ್ಲ, ಕಾಯಿದೆ ಬಂದರೆ ಮಕ್ಕಳಿಗೆ ಜಾತಿಯನ್ನು ಕಲಿಸಿದಂತಾಗುತ್ತದೆ ಎಂಬುದು ವಿರೋಧಿಗಳ ವಾದವಾಗಿತ್ತು. 2018ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ವಾದ ಕೇಳಲು ಸೊಗಸಾಗಿದೆ. ಮಕ್ಕಳ ಮದುವೆಗೆಂದು ತಯಾರಾದ ವಿವರಪಟ್ಟಿಗಳಲ್ಲಿ ಉಪಪಂಗಡದ ಹೆಸರು ಏಕೆ ಇರುತ್ತದೆ ಎಂದು ಮಾತ್ರ ಕೇಳಬಾರದು. ಶೀಲವಂತ ಕಲಾವತಿಯರು ರಂಗದ ಮೇಲೆ ಬಂದರೆ ಆ ಪ್ರಶ್ನೆ ತಾನಾಗಿಯೇ ಕೇಳಿಸುತ್ತದೆ. ಮಕ್ಕಳ ಮುಂದೆ ವಿವಾದ ಬೇಡ ಎನ್ನುವವರು ಹೆದರುವುದು ಮಕ್ಕಳು ಏನನ್ನು ಕೇಳಿಬಿಡುತ್ತಾರೋ ಎಂಬುದಕ್ಕೆ.

ಹಾಗಾದರೆ ನಂಬಿಕೆ ಕೃತಿಗೆ ಎಂದೂ ಕೇಡು ಮಾಡುವುದಿಲ್ಲವೇ? ಮಾಡುತ್ತದೆ. ಅದನ್ನು ಒಪ್ಪದ ಕಾರ್ನಾಡ್ ಭಕ್ತರು ಭೈರಪ್ಪನವರಿಗೆ ಉತ್ತರ ಕೊಡಲಾರರು. ಟೂಟಿಂಗ್‌ನಿಂದ ಅದೇ ನಾರ್ದರ್ನ್ ಲೈನು ಇಳಿಸುವ ಕಿಂಗ್ಸ್ ಕ್ರಾಸಿನ ಹತ್ತಿರದ ಬ್ರಿಟಿಷ್ ಲೈಬ್ರರಿಯಲ್ಲಿ, ಟಿಪ್ಪು ತನ್ನ ಕೈಯಾರೆ ಫಾರಸಿಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕು ಇಲ್ಲಿಗೆ ಬಂದದ್ದು. ಅದರಿಂದ ಹುಟ್ಟಿದ ನಾಟಕವನ್ನು ಭಾರತದ ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ರಲ್ಲಿ ಕಾರ್ನಾಡರು ಬಿಬಿಸಿ ರೇಡಿಯೊಗಾಗಿ ಬರೆದರು. ಸುಲ್ತಾನನಿಗೂ ಆಮೇಲೆ ಇಂಗ್ಲಿಷರಿಗೂ ಚರಿತ್ರೆ ಒದಗಿಸಿದ ಕಿರ್ಮಾನಿಯನ್ನು ನಿರೂಪಕನಾಗಿ ನಿಲ್ಲಿಸಿ, ಇತಿಹಾಸವೆಂಬುದು ಯಾರ ಅನ್ನ ಉಂಡು ಬರೆದದ್ದು ಎಂದು ಕೇಳಿದ್ದು ಅದರ ಹೆಚ್ಚುಗಾರಿಕೆ. ಒತ್ತೆಯಾಳಾಗಿ ಮಕ್ಕಳನ್ನು ಒಪ್ಪಿಸುವ ತಂದೆಯ ಸಂಕಟ ಅಲ್ಲಿದೆ. ಆದರೆ ಕೊಡಗಿನವರ, ಮಲಬಾರಿನವರ ನೆನಪಿನಲ್ಲಿರುವ ಟಿಪ್ಪುವಿಗೆ ಆ ನಾಟಕದಲ್ಲಿ ಸಿಕ್ಕ ಜಾಗ ಕಿರಿದು. ತುಘಲಕನನ್ನು ಕಟಕಟೆಗೆ ಎಳೆದ ಕೈ ಟಿಪ್ಪುವಿನ ವಿಷಯದಲ್ಲಿ ವಕಾಲತ್ತು ಹಿಡಿಯಿತು. ‘ತುಘಲಕ್’ ದೊಡ್ಡ ನಾಟಕವಾಗಿ ಉಳಿದು, ಟಿಪ್ಪುವಿನ ನಾಟಕ ಒಳ್ಳೆಯ ನಾಟಕವಾಗಿ ಮಾತ್ರ ಉಳಿದದ್ದಕ್ಕೆ ಕಾರಣ ಇಲ್ಲಿದೆ.

ವೇದಿಕೆಯ ಮೇಲೆ ಈ ಜಾರುವಿಕೆ ಇನ್ನೂ ಸ್ಪಷ್ಟವಾಗಿ ಕಂಡಿತು. 2015ರ ಆ ಭಾಷಣದಲ್ಲಿ, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಬದಲು ಟಿಪ್ಪುವಿನ ಹೆಸರು ಇಡಬಹುದಿತ್ತು ಎಂದದ್ದು ಅನಗತ್ಯವಾಗಿತ್ತು. ಕಾರ್ನಾಡರೇ ಅದಕ್ಕೆ ಕ್ಷಮೆ ಕೇಳಿದರು. ತಪ್ಪು ಮಾಡಿದವರು ಕ್ಷಮೆ ಕೇಳಿದರು, ಕೊಲ್ಲುತ್ತೇವೆ ಎಂದವರು ಕೇಳಲಿಲ್ಲ ಎಂಬ ವ್ಯತ್ಯಾಸವನ್ನು ಮರೆಯಬಾರದು. ಆದರೂ ಪಾಠ ಒಂದೇ: ನಂಬಿಕೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದನ್ನು ನಿಲ್ಲಿಸಿದ ಕಡೆ ಕೃತಿಯೂ ಮಾತೂ ತೆಳುವಾಗುತ್ತವೆ. ಇದಕ್ಕೆ ಮದ್ದು ಇನ್ನಷ್ಟು ಕಠಿಣವಾದ ಪರೀಕ್ಷೆಯೇ ಹೊರತು ನಂಬಿಕೆಯನ್ನು ಬಿಡುವುದಲ್ಲ.

ಆ ಪರೀಕ್ಷೆಗೆ ಕಾರ್ನಾಡರು ಬೇರೆಯವರನ್ನೂ ಒಡ್ಡಿದರು. 2012ರಲ್ಲಿ ಮುಂಬಯಿಯ ಸಾಹಿತ್ಯೋತ್ಸವ ವಿ.ಎಸ್. ನೈಪಾಲರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಾಗ, ರಂಗಭೂಮಿಯ ಬಗ್ಗೆ ಮಾತನಾಡಲು ಬಂದಿದ್ದ ಕಾರ್ನಾಡರು ತಮ್ಮ ಸಮಯವನ್ನೆಲ್ಲ ನೈಪಾಲರ ವಿಮರ್ಶೆಗೆ ಬಳಸಿದರು. ಭಾರತದ ಮುಸ್ಲಿಮರನ್ನು ನೈಪಾಲರು ದಾಳಿಕೋರರಾಗಿಯಷ್ಟೇ ನೋಡಿದರು ಎಂಬುದು ಅವರ ಆಕ್ಷೇಪ. ಬರಹಗಾರನ ನಂಬಿಕೆಯನ್ನು ಬರಹದಿಂದ ಬೇರ್ಪಡಿಸುವುದಿಲ್ಲ ಎಂಬ ನಿಯಮ ನೈಪಾಲರಿಗೆ ಅನ್ವಯವಾದರೆ ಕಾರ್ನಾಡರಿಗೂ ಅನ್ವಯವಾಗಬೇಕು. ಖಂಡಿತ ಆಗಬೇಕು. ಆದರೆ ಆ ದಿನ ಅವರು ನೈಪಾಲರ ಪುಸ್ತಕಗಳನ್ನು ಹಿಡಿದು ಮಾತನಾಡಿದರು. ತಮ್ಮ ಉತ್ತರವನ್ನೂ ಅವರು ಒಂದು ಕೃತಿಯಲ್ಲಿಯೇ ಕೊಟ್ಟರು. ಹಂಪಿಯ ಹಾಳಿನಲ್ಲಿ ನೈಪಾಲರು ಕಂಡದ್ದು ಇಸ್ಲಾಮಿನ ದಾಳಿಯ ಗಾಯವನ್ನು. 2018ರ ‘ರಾಕ್ಷಸ ತಂಗಡಿ’ಯಲ್ಲಿ ಕಾರ್ನಾಡರು ಕಂಡದ್ದು, ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ, ಬಿಜಾಪುರದ ಆದಿಲಶಾಹನನ್ನು ಮಗನೆಂದು ಕರೆಯುತ್ತ, ಅವಮಾನಿಸಿದ್ದನ್ನು ಮರೆತು ಕುಳಿತ ಅಳಿಯ ರಾಮರಾಯನ ದರ್ಪವನ್ನು. 1565ರ ಆ ಸೋಲಿನಲ್ಲಿ ಧರ್ಮಯುದ್ಧಕ್ಕಿಂತ ಹೆಚ್ಚಾಗಿ ಅಧಿಕಾರದ ಲೆಕ್ಕಾಚಾರ ಇತ್ತು ಎಂದು ನಾಟಕ ವಾದಿಸುತ್ತದೆ. ಒಪ್ಪದವರು ಅದಕ್ಕೆ ಎದುರಾಗಿ ನಾಟಕ ಬರೆಯಲಿ. ಪಟ್ಟಿಯಿಂದ ಹೆಸರು ಹೊಡೆಯುವುದು ಉತ್ತರವಲ್ಲ.

ಇನ್ನು ಸುರಕ್ಷಿತವೆಂದು ಹೆಸರಾದ ನಾಟಕಗಳು. ‘ಹಯವದನ’ದಲ್ಲಿ ತಲೆಗಳು ಅದಲು ಬದಲಾಗುವುದು ಬ್ರಾಹ್ಮಣ ದೇವದತ್ತನಿಗೂ ಕಮ್ಮಾರನ ಮಗ ಕಪಿಲನಿಗೂ. ತಲೆಗೆ ಒಂದು ಜಾತಿ, ಮೈಗೆ ಒಂದು ಜಾತಿ ಎಂಬ ವ್ಯವಸ್ಥೆಯನ್ನೇ ಅದು ಅಣಕಿಸುತ್ತದೆ. ಎರಡನ್ನೂ ಬಯಸಿದ ಹೆಣ್ಣಿಗೆ ಉಳಿಯುವುದು ಚಿತೆ. ‘ನಾಗಮಂಡಲ’ದಲ್ಲಿ ಹಾವನ್ನು ಹಿಡಿದು ಪಾತಿವ್ರತ್ಯವನ್ನು ರುಜುವಾತು ಮಾಡಬೇಕಾದ ರಾಣಿ ನಿಜ ಹೇಳಿಯೇ ದೇವಿಯಾಗುತ್ತಾಳೆ, ಊರು ತನಗೆ ಬೇಕಾದುದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ‘ಅಗ್ನಿ ಮತ್ತು ಮಳೆ’ಯಲ್ಲಿ ಬೇಡರ ಹುಡುಗಿ ನಿತ್ತಿಲೆ ಕೊಲೆಯಾಗುತ್ತಾಳೆ, ಅವಳನ್ನು ಪ್ರೀತಿಸಿದ ಬ್ರಾಹ್ಮಣ ಅರವಸುವಿಗೆ ನಟನಾಗುವುದೂ ಜಾತಿಗೆ ಎರವಾದ ಕೆಲಸ. ಯಜ್ಞ ತರಲಾರದ ಮಳೆ, ಬ್ರಹ್ಮರಾಕ್ಷಸನ ಬಿಡುಗಡೆಗಾಗಿ ಆತ ತನ್ನ ಪ್ರಿಯೆಯನ್ನು ಮರಳಿ ಪಡೆಯುವ ವರವನ್ನು ಬಿಟ್ಟುಕೊಟ್ಟಾಗ ಸುರಿಯುತ್ತದೆ. ಇವುಗಳಲ್ಲಿ ಕಾರ್ನಾಡರ ನಂಬಿಕೆ ಇಲ್ಲದ ದೃಶ್ಯ ಯಾವುದು? ಸಮಿತಿಯವರು ಈ ನಾಟಕಗಳನ್ನು ಆರಿಸುವುದು ಅವು ನಿರುಪದ್ರವಿಯೆಂದಲ್ಲ, ತಾವು ಅವನ್ನು ಹಾಡಿಗಾಗಿ ಮಾತ್ರ ಕೇಳಿದ್ದೇವೆಂದು. ರಾಣಿಯ ಊರಿನವರಂತೆ.

ಮೇಜಿನ ಇನ್ನೊಂದು ಬದಿಯಲ್ಲಿ ಪ್ರಗತಿಪರರು ಕುಳಿತಿರುತ್ತಾರೆ. ಅವರೂ ಇಲ್ಲಿ ನಿರ್ದೋಷಿಗಳಲ್ಲ. ಬಿಬಿಸಿ 1977ರಿಂದ 1980ರವರೆಗೆ ‘ಸಿಟಿಜನ್ ಸ್ಮಿತ್’ ಎಂಬ ಹಾಸ್ಯ ಧಾರಾವಾಹಿಯನ್ನು ಪ್ರಸಾರ ಮಾಡಿತು. ಅದರ ನಾಯಕ ವುಲ್ಫಿ ಸ್ಮಿತ್, ‘ಟೂಟಿಂಗ್ ಪಾಪ್ಯುಲರ್ ಫ್ರಂಟ್’ ಎಂಬ ನಾಲ್ಕಾರು ಜನರ ಕ್ರಾಂತಿ ಪಕ್ಷದ ಮುಖಂಡ. ಚೆ ಗುವಾರನ ಟೋಪಿ ಹಾಕಿ, ಮುಷ್ಟಿ ಎತ್ತಿ, ಟೂಟಿಂಗ್‌ನ ಬೀದಿಯಲ್ಲಿ ಘೋಷಣೆ ಕೂಗುವುದೇ ಅವನ ಕ್ರಾಂತಿ. ಕಾರ್ನಾಡರನ್ನು ಒಂದು ಫೋಟೊ ಆಗಿಸಿಕೊಂಡ ಪ್ರಗತಿಪರರನ್ನು ಕಂಡರೆ ವುಲ್ಫಿ ನೆನಪಾಗುತ್ತಾನೆ. 2018ರ ಸೆಪ್ಟೆಂಬರ್ 5ರಂದು, ಗೌರಿ ಲಂಕೇಶರ ಹತ್ಯೆಯ ಮೊದಲ ವಾರ್ಷಿಕದ ದಿನ, ಮೂಗಿನಲ್ಲಿ ಆಮ್ಲಜನಕದ ನಳಿಕೆ, ಕೊರಳಲ್ಲಿ ತಾನೂ ನಗರ ನಕ್ಸಲ ಎಂಬ ಫಲಕ ಹೊತ್ತು ಕುಳಿತ ಎಂಬತ್ತರ ಮುದುಕನ ಚಿತ್ರ ಅವರ ಗೋಡೆಗಳ ಮೇಲಿದೆ. ಆ ಚಿತ್ರದ ಧೈರ್ಯ ನಿಜವಾದದ್ದು. ಗೌರಿ ಹತ್ಯೆಯ ತನಿಖೆಯಲ್ಲಿ ಸಿಕ್ಕ ಪಟ್ಟಿಯಲ್ಲಿ ಕಾರ್ನಾಡರ ಹೆಸರೂ ಇತ್ತು ಎಂದು ಆ ವರ್ಷವೇ ವರದಿಯಾಗಿತ್ತು. ಆದರೆ ಅದೇ ವರ್ಷ ಪ್ರಕಟವಾದ ‘ರಾಕ್ಷಸ ತಂಗಡಿ’ಯನ್ನು ಓದಿದವರು ಆ ಚಿತ್ರವನ್ನು ಹಂಚಿಕೊಂಡವರಲ್ಲಿ ಎಷ್ಟು ಜನ?

ಫಲಕವನ್ನು ಮಾತ್ರ ಬಲ್ಲವರಿಗೆ, ನಾಟಕವನ್ನು ಮಾತ್ರ ಕೇಳುವವರಿಗೆ ಎದುರಾಗಿ ನಿಂತದ್ದೇನೋ ಸಿಕ್ಕಂತಾಗುತ್ತದೆ. ಆದರೆ ಇಬ್ಬರೂ ಮಾಡಿದ್ದು ಅದೇ ಬೇರ್ಪಡಿಕೆಯನ್ನು. ‘ತುಘಲಕ್’ ಅನ್ನು ನಿಜವಾಗಿ ಓದಿದ ಪ್ರಗತಿಪರರು ತಮ್ಮ ಸಂಘಟನೆಯ ಅಜೀಜ್ ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ. ‘ತಲೆದಂಡ’ವನ್ನು ಓದಿದವರು ಚಳವಳಿಯೊಳಗಿನ ಜಗದೇವನ ಬಗ್ಗೆ ಮಾತನಾಡಬೇಕಾಗುತ್ತದೆ. ಫೋಟೊ ಈ ತೊಂದರೆ ಕೊಡುವುದಿಲ್ಲ.

ಟೂಟಿಂಗ್‌ನ ಟ್ರಿನಿಟಿ ರಸ್ತೆಯ ಒಂದು ಮನೆಯ ಮೇಲೆ ನೀಲಿ ಫಲಕವಿದೆ. 1878ರಿಂದ 1881ರವರೆಗೆ ಥಾಮಸ್ ಹಾರ್ಡಿ ಅಲ್ಲಿ ವಾಸವಾಗಿದ್ದ. ದೇವರ ಮೇಲಿನ ನಂಬಿಕೆ ಕಳೆದುಕೊಂಡ ಹಾರ್ಡಿ ಮದುವೆಯನ್ನೂ ಚರ್ಚನ್ನೂ ಪ್ರಶ್ನಿಸಿದ್ದಕ್ಕಾಗಿ, 1895ರಲ್ಲಿ ಬಂದ ಅವನ ‘ಜೂಡ್ ದಿ ಅಬ್ಸ್ಕ್ಯೂರ್’ ಕಾದಂಬರಿಯನ್ನು ವೇಕ್‌ಫೀಲ್ಡಿನ ಬಿಷಪ್ ಬೆಂಕಿಗೆ ಹಾಕಿದೆನೆಂದು ಸಾರಿದ. ಆಮೇಲೆ ಹಾರ್ಡಿ ಹೊಸ ಕಾದಂಬರಿ ಬರೆಯಲಿಲ್ಲ, ಕಾವ್ಯಕ್ಕೆ ತಿರುಗಿದ. ಇಂದು ಇಂಗ್ಲೆಂಡಿನ ಶಾಲೆಗಳಲ್ಲಿ ಟೂಟಿಂಗ್‌ನ ಕನ್ನಡ ಮಕ್ಕಳು ಹಾರ್ಡಿಯನ್ನು ಓದುತ್ತಾರೆ. ಅವನ ನಂಬಿಕೆಗಳನ್ನು ಬಿಟ್ಟು ಕಾದಂಬರಿಯನ್ನಷ್ಟೇ ಓದಿ ಎಂದು ಯಾವ ಶಿಕ್ಷಕರೂ ಹೇಳುವುದಿಲ್ಲ. ಆ ನಂಬಿಕೆ ಕಥೆಯನ್ನು ಹೇಗೆ ಬಾಗಿಸಿತು ಎಂದೇ ಪರೀಕ್ಷೆಯಲ್ಲಿ ಕೇಳುತ್ತಾರೆ. ಹಾರ್ಡಿಯನ್ನು ಹೀಗೆ ಓದಬಲ್ಲ ಹದಿನಾರರ ಮಗಳಿಗೆ ಕಾರ್ನಾಡರನ್ನು ಹೀಗೆ ನೋಡುವ ಶಕ್ತಿಯಿಲ್ಲವೆಂದು ಸಮಿತಿ ತೀರ್ಮಾನಿಸುವುದು, ಕನ್ನಡವೆಂದರೆ ಹಾಡು ಕುಣಿತಕ್ಕಷ್ಟೇ ಎಂದು ಅವಳಿಗೆ ಕಲಿಸಿದಂತೆ.

2019ರ ಜೂನ್ 10ರಂದು ಬೆಂಗಳೂರಿನಲ್ಲಿ ಕಾರ್ನಾಡರು ತೀರಿಕೊಂಡಾಗ, ಅವರ ಇಚ್ಛೆಯಂತೆ ಸರ್ಕಾರಿ ಗೌರವವಾಗಲಿ ಧಾರ್ಮಿಕ ವಿಧಿಯಾಗಲಿ ಇಲ್ಲದೆ ಅಂತ್ಯಕ್ರಿಯೆ ನಡೆಯಿತು. ಜ್ಞಾನಪೀಠ ಪಡೆದವರಿಗೆ ಮೂರು ಸುತ್ತು ಗುಂಡು ಹಾರಿಸಿ ಕೈತೊಳೆದುಕೊಳ್ಳುವ ಅವಕಾಶವನ್ನು ಅವರು ಯಾರಿಗೂ ಬಿಡಲಿಲ್ಲ. ನಂಬಿಕೆಯನ್ನು ಬಿಟ್ಟು ತನ್ನನ್ನು ಗೌರವಿಸಬೇಡಿ ಎಂಬುದು ಆ ಇಚ್ಛೆಯಲ್ಲಿಯೇ ಇತ್ತು.

ಮುಂದಿನ ರಾಜ್ಯೋತ್ಸವದ ಪಟ್ಟಿ ತಯಾರಾಗುವಾಗ ಟೂಟಿಂಗ್‌ನ ಮೇಜಿನ ಮೇಲೆ 'ತಲೆದಂಡ'ವನ್ನು ಇಡಬಹುದು. ಪೂರ್ತಿ ಆಡಲಾಗದಿದ್ದರೆ ಬಾಡಿಗೆ ಸಭಾಂಗಣವೊಂದರಲ್ಲಿ ಕುಳಿತು ಓದಬಹುದು. ಬಸವಣ್ಣ ಅಂಜಿದ ದೃಶ್ಯವನ್ನೂ ಬಿಡದೆ ಓದಬೇಕು, ಬಸದಿಯ ಮುತ್ತಿಗೆಯನ್ನೂ ಬಿಡದೆ ಓದಬೇಕು. ಆಮೇಲೆ ಭೈರಪ್ಪನವರ ಪಕ್ಷದವರೂ ಕಾರ್ನಾಡರ ಪಕ್ಷದವರೂ, ಅವರ ಮಕ್ಕಳೂ, ಅಲ್ಲಿಯೇ ಜಗಳವಾಡಲಿ. ಅದಾದ ಮೇಲೆ ಲ್ಯಾಂಬೆತ್‌ಗೆ ಹೋಗಿ ಪ್ರತಿಮೆಗೆ ಹಾರ ಹಾಕಿದರೆ, ಹಾರ ಯಾರಿಗೆ ಹಾಕುತ್ತಿದ್ದೇವೆ ಎಂಬುದಾದರೂ ಹಾಕುವವರಿಗೆ ಗೊತ್ತಿರುತ್ತದೆ.